ಎಣ್ಣೆಯ ಊರಿಗೆ ಮೊಮ್ಮಗಳ ಜೊತೆ

ಮಕ್ಕಳೇ, ನಿಮ್ಮ ಮನೆಯ ಅಡುಗೆ ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಆರನೇ ತರಗತಿ ಓದುವ ನನ್ನ ಮೊಮ್ಮಗಳು ಪುಟ್ಟಿಯನ್ನು ಕೇಳಿದೆ. "ಪ್ಯಾಕೆಟ್‌ನಿಂದ" ಎಂದಳು. ಪ್ಯಾಕೆಟ್ ಎಲ್ಲಿಂದ? "ಅಂಗಡಿಯಿಂದ." ಅಂಗಡಿಗೆ? ಆಗ ಸ್ವಲ್ಪ ಯೋಚಿಸಿ, "ಫ್ಯಾಕ್ಟರಿಯಿಂದ ಇರಬೇಕು ಅಜ್ಜ" ಎಂದಳು. ಹೊಲ ಅವಳ ಬಾಯಲ್ಲಿ ಬರಲೇ ಇಲ್ಲ.

ಪ್ರಶ್ನೆ ಬಂದದ್ದು ಅವಳ ಶಾಲೆಯಿಂದಲೇ. ದೀಪಾವಳಿ ರಜೆಗೆ ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದರು. ನಮ್ಮ ಸುತ್ತಲಿನ ಯಾವುದಾದರೂ ಒಂದು ಬೆಳೆ ಹೊಲದಿಂದ ತಟ್ಟೆಗೆ ಹೇಗೆ ಬರುತ್ತದೆ ಎಂದು ನೋಡಿ ಬರೆಯಬೇಕು. ನನಗೆ ಕೂಡಲೇ ಚಳ್ಳಕೆರೆ ನೆನಪಾಯಿತು. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದ ಮೇಲೆ ಗುಮಾಸ್ತನಾಗಿ 1977ರಿಂದ 1983ರವರೆಗೆ ಕೆಲಸ ಮಾಡಿದ ಊರು ಅದು. ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದ ಊರು. ಎಣ್ಣೆಯ ವ್ಯಾಪಾರದಲ್ಲಿ ಅದನ್ನು 'ಎರಡನೇ ಬೊಂಬಾಯಿ' ಎಂದು ಜನ ಹೆಮ್ಮೆಯಿಂದ ಕರೆಯುತ್ತಿದ್ದರು.

"ಎಣ್ಣೆಯ ಊರಿಗೆ ನೀವು ಹೋಗ್ತೀರಾ ಮಾವ?" ಎಂದು ನನ್ನ ಸೊಸೆ ನಗುತ್ತಾ ಕೇಳಿದಳು. ಆ ನಗುವಿಗೆ ಕಾರಣ ಇತ್ತು. ನಮ್ಮ ಮನೆಯಿಂದ ಎಣ್ಣೆಯನ್ನು ಓಡಿಸಿದವನೇ ನಾನು.

ಮೂರು ವರ್ಷದ ಹಿಂದೆ ನನಗೆ ಎದೆನೋವು ಬಂದು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, "ಎಣ್ಣೆ, ಜಿಡ್ಡು ಕಡಿಮೆ ಮಾಡಿ" ಎಂದರು. ಗುಮಾಸ್ತನ ಬುದ್ಧಿ ನೋಡಿ, ಮೇಲಿನವರು ಹತ್ತು ಹೇಳಿದರೆ ಹದಿನೈದು ಮಾಡುವುದು ಅಭ್ಯಾಸ. 'ಕಡಿಮೆ' ಎಂಬುದು ನನ್ನ ಕಿವಿಗೆ 'ಬೇಡ' ಎಂದು ಕೇಳಿಸಿತು. ನನ್ನ ತಟ್ಟೆಯಿಂದ ಮಾತ್ರವಲ್ಲ, ಇಡೀ ಮನೆಯ ಅಡುಗೆಯಿಂದಲೇ ಎಣ್ಣೆ ಹೋಯಿತು. ಒಗ್ಗರಣೆಗೆ ನಾಲ್ಕು ಹನಿ. ದೋಸೆಗೆ ಈರುಳ್ಳಿ ಹೋಳಿನಿಂದ ಕಾವಲಿ ಒರೆಸಿದರೆ ಮುಗಿಯಿತು. ತುಪ್ಪದ ಡಬ್ಬಿ ದೇವರ ದೀಪಕ್ಕೆ ಮಾತ್ರ. ನನ್ನ ಮನೆಯಾಕೆ ಒಂದು ವಾರ ಜಗಳವಾಡಿ, ನನ್ನ ಎದೆಯ ಮೇಲಿನ ಭಯಕ್ಕೆ ಸುಮ್ಮನಾದಳು.

ಕೆಂಪು ಮಣ್ಣಿನ ದಾರಿ

ನಾವಿರುವುದು ದಾವಣಗೆರೆಯಲ್ಲಿ. ಬೆಳಿಗ್ಗೆ ಆರೂವರೆಗೆ ಬಸ್ ಹತ್ತಿದೆವು. ಹೊರಡುವಾಗ ಬಸ್‌ ನಿಲ್ದಾಣದ ಹತ್ತಿರ ಬೆಣ್ಣೆ ದೋಸೆಯ ಕಾವಲಿ ಆಗಲೇ ಕಾದಿತ್ತು. ಆ ಘಮ ದಾಟಿ ಬರುವುದು ದಾವಣಗೆರೆಯವರಿಗೆ ಸುಲಭವಲ್ಲ. ಪುಟ್ಟಿ ಒಮ್ಮೆ ಆ ಕಡೆ, ಒಮ್ಮೆ ನನ್ನ ಮುಖ ನೋಡಿದಳು. ನಾನು ಚೀಲದಲ್ಲಿದ್ದ ಇಡ್ಲಿಯ ಡಬ್ಬಿ ತೋರಿಸಿದೆ. ಅವಳು ಏನೂ ಹೇಳಲಿಲ್ಲ.

ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಂಡವು. ನಾನು ಇಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಅವು ಇರಲಿಲ್ಲ. ಗುಡ್ಡ ಇತ್ತು, ಗಾಳಿ ಇತ್ತು. ಚಿತ್ರದುರ್ಗದಲ್ಲಿ ಬಸ್ ಬದಲಿಸಿ ಚಳ್ಳಕೆರೆಯ ದಾರಿ ಹಿಡಿದೆವು. ಮರಗಳು ಕಡಿಮೆಯಾಗುತ್ತಾ ಬಯಲು ಅಗಲವಾಗುತ್ತಾ ಹೋಯಿತು. ನಮ್ಮ ರಾಜ್ಯದಲ್ಲಿ ಮಳೆ ತೀರಾ ಕಡಿಮೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿನ ಹಗುರವಾದ ಕೆಂಪು ಮಣ್ಣಿಗೆ, ಈ ಅರೆಬರೆ ಮಳೆಗೆ ಒಗ್ಗಿದ ಬೆಳೆ ಶೇಂಗಾ. ಕೆಲವರು ಕಡಲೆಕಾಯಿ ಅನ್ನುತ್ತಾರೆ, ನೆಲಗಡಲೆ ಅನ್ನುವವರೂ ಇದ್ದಾರೆ.

ಚಳ್ಳಕೆರೆಯಲ್ಲಿ ನಮಗಾಗಿ ಕಾಯುತ್ತಿದ್ದವರು ನಮ್ಮ ಶಾಖೆಯ ಗೋದಾಮು ಕಾಯುತ್ತಿದ್ದ ಹಿರಿಯರು. ಈಗ ಎಂಬತ್ತು ದಾಟಿದೆ. ನನಗಿಂತ ದೊಡ್ಡವರಾದರೂ ಇವತ್ತಿಗೂ ನನ್ನನ್ನು 'ಸಾರ್' ಎನ್ನುವುದು ಬಿಟ್ಟಿಲ್ಲ. ನಾನೂ 'ಅಣ್ಣ' ಎನ್ನುವುದು ಬಿಟ್ಟಿಲ್ಲ. ಪುಟ್ಟಿಯ ತಲೆ ಸವರಿ, "ಏನವ್ವ, ಶೇಂಗಾ ನೋಡಾಕೆ ಬಂದ್ಯಾ? ಮೊದ್ಲು ಹೊಲಕ್ಕೆ ಹೋಗಾಣ, ಬಿಸ್ಲು ಏರಂಗಿಲ್ಲ" ಎಂದು ಮಗನ ಆಟೋದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು.

ಮಣ್ಣೊಳಗಿನ ಕಾಯಿ

ಅವರ ಎರಡು ಎಕರೆಯಲ್ಲಿ ಶೇಂಗಾ ಕೀಳುವ ಕೆಲಸ ನಡೆದಿತ್ತು. ಪುಟ್ಟಿ ಗಿಡದ ಎಲೆಗಳ ನಡುವೆ ಕೈಯಾಡಿಸಿ ಕಾಯಿ ಹುಡುಕಿದಳು. ಒಂದೂ ಸಿಗಲಿಲ್ಲ. "ಇದರಲ್ಲಿ ಕಾಯೇ ಇಲ್ಲ ಅಜ್ಜ!" ಎಂದಳು. ಅಣ್ಣ ನಗುತ್ತಾ ಗಿಡದ ಬುಡ ಹಿಡಿದು ಮೆಲ್ಲಗೆ ಎಳೆದರು. ಮಣ್ಣು ಉದುರಿತು, ಗೊಂಚಲು ಕಾಯಿ ತೂಗಾಡಿತು. ಅವಳ ಕಣ್ಣು ಅಗಲವಾದದ್ದನ್ನು ನೀವು ನೋಡಬೇಕಿತ್ತು.

ಮಕ್ಕಳೇ, ಶೇಂಗಾದ ಸೋಜಿಗ ಇದೇ. ಹಳದಿ ಹೂವು ಬಿಡುವುದು ಮಣ್ಣಿನ ಮೇಲೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ಎಳೆ ಕೆಳಗೆ ಬಾಗಿ, ಮಣ್ಣಿಗೆ ಚುಚ್ಚಿಕೊಂಡು ಒಳಗೆ ಹೋಗುತ್ತದೆ. ಅದರ ತುದಿಯೇ ಕತ್ತಲಲ್ಲಿ ಕಾಯಿಯಾಗುತ್ತದೆ. ಅದು ಬೇರಲ್ಲ, ಗೆಡ್ಡೆಯೂ ಅಲ್ಲ; ಅವರೆ, ತೊಗರಿಗಳ ಕುಲಕ್ಕೆ ಸೇರಿದ ಕಾಳು. ಅದರ ಬೇರುಗಳಲ್ಲಿ ಸಣ್ಣ ಗಂಟುಗಳಿವೆ. ಆ ಗಂಟುಗಳಲ್ಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಗಿಡ ನಮ್ಮ ಬಯಲುಸೀಮೆಯದೇ ಎನ್ನುವಷ್ಟು ಇಲ್ಲಿ ಬೇರೂರಿದೆ.

ಅಣ್ಣ ಒಂದು ಹಸಿ ಬೀಜವನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ಪುಟ್ಟಿಯ ನೋಟ್‌ಬುಕ್ಕಿನ ಹಾಳೆಗೆ ಉಜ್ಜಿದರು. ಅದು ಒಣಗಿದ ಮೇಲೂ ಹಾಳೆಯಲ್ಲಿ ಬೆಳಕು ಹಾಯುವಂಥ ಕಲೆ ಉಳಿಯಿತು. ನೀರಿನ ಕಲೆ ಒಣಗಿದರೆ ಹೋಗುತ್ತದೆ, ಜಿಡ್ಡಿನ ಕಲೆ ಹೋಗುವುದಿಲ್ಲ. ಯಾವ ಪದಾರ್ಥದಲ್ಲಿ ಎಣ್ಣೆ ಇದೆ ಎಂದು ಮನೆಯಲ್ಲೇ ಕಂಡುಹಿಡಿಯಲು ಇಷ್ಟು ಸಾಕು. ಚೆನ್ನಾಗಿ ಒಣಗಿದ ನೂರು ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 45ರಿಂದ 50 ಗ್ರಾಂ ಎಣ್ಣೆಯೇ ಇರುತ್ತದೆ.

ಬ್ಯಾಂಕಿನ ಬೀಗ ಬಿದ್ದ ಗೋದಾಮು

ಅಲ್ಲಿಂದ ಊರೊಳಗೆ ಬಂದು ಗಿರಣಿಗಳ ಬೀದಿಯಲ್ಲಿ ನಡೆದೆವು. ನನ್ನ ಮೂಗು ಹಳೆಯ ವಾಸನೆಯನ್ನು ಹುಡುಕುತ್ತಿತ್ತು.

ಆಗ ಹೇಗಿತ್ತು ಎಂದರೆ, ಸುಗ್ಗಿಯ ತಿಂಗಳುಗಳಲ್ಲಿ ಊರಿಗೆ ಊರೇ ಹುರಿದ ಶೇಂಗಾದಂತೆ ಘಮ್ಮೆನ್ನುತ್ತಿತ್ತು. ಗಾಡಿ, ಲಾರಿಗಳ ಸಾಲು. ಗಿರಣಿಯಲ್ಲಿ ಮೊದಲು ಕಾಯಿ ಒಡೆಯುವ ಯಂತ್ರ. ಹೊಟ್ಟು ಒಂದು ಕಡೆ ಹಾರಿ ಬೀಜ ಒಂದು ಕಡೆ ಬೀಳುತ್ತಿತ್ತು. ಬೀಜಕ್ಕೆ ಹಬೆ ಕೊಟ್ಟು ಬಿಸಿ ಮಾಡಿ, ಎಕ್ಸ್‌ಪೆಲ್ಲರ್ ಎಂಬ ಕಬ್ಬಿಣದ ತಿರುಪಿನ ಯಂತ್ರಕ್ಕೆ ಬಿಟ್ಟರೆ ಎಣ್ಣೆ ಕೆಳಗೆ ಹರಿದು, ಹಿಂಡಿ ಚಕ್ಕೆಚಕ್ಕೆಯಾಗಿ ಮುಂದೆ ಬರುತ್ತಿತ್ತು. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, 15 ಕೆಜಿಯ ತಗಡಿನ ಡಬ್ಬಗಳಿಗೆ ತುಂಬಿ ಬೆಸುಗೆ ಹಾಕುತ್ತಿದ್ದರು. ಹಿಂಡಿ ದನಗಳ ಪಾಲು.

ಇದರಲ್ಲಿ ಬ್ಯಾಂಕಿನ ಕೆಲಸವೇನು ಎಂದು ಪುಟ್ಟಿ ಕೇಳಿದಳು. ಸುಗ್ಗಿಯಲ್ಲಿ ವ್ಯಾಪಾರಿಗಳು ಶೇಂಗಾ ಕೊಳ್ಳಲು ನಮ್ಮಲ್ಲಿ ಸಾಲ ತೆಗೆದುಕೊಳ್ಳುತ್ತಿದ್ದರು. ಕೊಂಡ ಚೀಲಗಳೇ ಸಾಲಕ್ಕೆ ಅಡವು. ಚೀಲಗಳನ್ನು ಗೋದಾಮಿನಲ್ಲಿ ಜೋಡಿಸಿ, ಬಾಗಿಲಿಗೆ ಬ್ಯಾಂಕಿನ ಬೀಗ ಹಾಕಿ, ಬೀಗದ ಕೈ ನಮ್ಮ ಹತ್ತಿರ ಇಟ್ಟುಕೊಳ್ಳುತ್ತಿದ್ದೆವು. ಅವರು ಹಣ ಕಟ್ಟಿದಷ್ಟು ಚೀಲ ಬಿಡುಗಡೆ. ಎಣಿಸುವವನು ನಾನು, ಬಾಗಿಲಲ್ಲಿ ನಿಲ್ಲುವವರು ಈ ಅಣ್ಣ. ಹೀಗೆ ಆರು ವರ್ಷ ಶೇಂಗಾ ಎಣಿಸಿದ್ದೇನೆ. ತಿಂದದ್ದೂ ಕಡಿಮೆಯಲ್ಲ ಎಂದು ಅಣ್ಣ ಸಾಕ್ಷಿ ಹೇಳಿದರು.

ಒಂದು ಪಾಠ ಆ ಗೋದಾಮಿನಲ್ಲೇ ಕಲಿತದ್ದು. ಮಳೆ ನೀರು ಸೋರಿ ಚೀಲ ನೆನೆದರೆ ಒಳಗಿನ ಬೀಜಕ್ಕೆ ಬೂಷ್ಟು ಹಿಡಿಯುತ್ತಿತ್ತು. ಅಂಥ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೇಡು. ಮಕ್ಕಳೇ, ಶೇಂಗಾ ತಿನ್ನುವಾಗ ಕಪ್ಪಾದ, ಮುದುಡಿದ, ಕಹಿಯಾದ ಬೀಜ ಬಾಯಿಗೆ ಬಂದರೆ ನಾಚಿಕೆಪಡದೆ ಉಗುಳಿಬಿಡಿ.

ಈಗ ಆ ಬೀದಿಯಲ್ಲಿ ಕೆಲವು ಗಿರಣಿ ನಡೆಯುತ್ತಿವೆ, ಹಲವಕ್ಕೆ ಬೀಗ ಬಿದ್ದಿದೆ. ಈ ಸಲದ ಬೀಗ ಬ್ಯಾಂಕಿನದಲ್ಲ. ನಾನು ಎಣಿಸುತ್ತಿದ್ದ ಗೋದಾಮಿನ ಜಾಗದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಮಳೆ ಕೈಕೊಟ್ಟ ವರ್ಷಗಳು ಒಂದು ಕಾರಣ. 1990ರ ದಶಕದಲ್ಲಿ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆದದ್ದು ಇನ್ನೊಂದು. ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬಂದ ಎಣ್ಣೆ ಅಗ್ಗವಾಗಿತ್ತು. ಅದರ ಎದುರು ಬಯಲುಸೀಮೆಯ ಶೇಂಗಾ ಎಣ್ಣೆ ನಿಲ್ಲುವುದು ಕಷ್ಟವಾಯಿತು. ಇವತ್ತು ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದೇ. ಪುಟ್ಟಿ 'ಫ್ಯಾಕ್ಟರಿಯಿಂದ' ಎಂದದ್ದು ಪೂರ್ತಿ ತಪ್ಪಲ್ಲ ಅನ್ನಿಸಿತು.

ಗಾಣದ ಮುಂದೆ

ಬೀದಿಯ ಕೊನೆಯಲ್ಲಿ ಒಬ್ಬ ಯುವಕ ಹೊಸದಾಗಿ ಮರದ ಗಾಣ ಹಾಕಿದ್ದ. ದೊಡ್ಡ ಒರಳಿನಂಥ ಪಾತ್ರೆ, ಅದರೊಳಗೆ ಒನಕೆಯಂಥ ಮರ. ಹಿಂದೆ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಸುತ್ತಿಸುತ್ತಿದ್ದರು, ಈಗ ಮೋಟರು. 'ಗಾಣದೆತ್ತಿನ ಹಾಗೆ ದುಡಿದೆ' ಎಂದು ನಾನು ಮನೆಯಲ್ಲಿ ಆಗಾಗ ಹೇಳುವ ಮಾತಿನ ಅರ್ಥ ಪುಟ್ಟಿಗೆ ಆಗ ಗೊತ್ತಾಯಿತು. "ಆದ್ರೆ ನೀವು ಕುರ್ಚಿ ಮೇಲೆ ಕೂತಿದ್ರಿ ಅಲ್ವಾ ಅಜ್ಜ?" ಎಂದಳು.

ಬೀಜ ಮೊದಲು ಪುಡಿಯಾಯಿತು, ಆಮೇಲೆ ಮುದ್ದೆಯಾಯಿತು, ನೋಡನೋಡುತ್ತಿದ್ದಂತೆ ಮುದ್ದೆಯ ಅಂಚಿನಲ್ಲಿ ಎಣ್ಣೆ ಜಿನುಗಿತು. ಎರಡೂವರೆ ಕೆಜಿ ಬೀಜಕ್ಕೆ ಹೆಚ್ಚುಕಡಿಮೆ ಒಂದು ಲೀಟರ್. "ಗಾಣದ ಎಣ್ಣೆ ತಿಂದ್ರೆ ಹಾರ್ಟಿಗೆ ಏನೂ ಆಗಲ್ಲ ಅಂತ ಹೇಳ್ತಾರಲ್ಲ, ನಿಜವಾ?" ಎಂದು ಕೇಳಿದೆ. ಆ ಹುಡುಗ ಪ್ರಾಮಾಣಿಕ. "ಹಂಗೆಲ್ಲ ನಾನು ಹೇಳಲ್ಲ ಸಾರ್. ಬೀಜ ಚೆನ್ನಾಗಿದ್ರೆ ಎಣ್ಣೆ ಚೆನ್ನಾಗಿರ್ತದೆ. ಬೀಜ ಬೂಷ್ಟಾಗಿದ್ರೆ ಗಾಣ ಏನು ಮಾಡ್ತದೆ?" ಎಂದ.

ಅವನ ಮಾತು ಸರಿ. ಗಾಣದಲ್ಲಿ ಬಿಸಿ ಕಡಿಮೆ. ಬೀಜದ ಘಮ, ರುಚಿ, ವಿಟಮಿನ್ ಇ ಹೆಚ್ಚು ಉಳಿಯುತ್ತದೆ. ರಿಫೈನ್ಡ್ ಎಣ್ಣೆಯಲ್ಲಿ ಬಣ್ಣ, ವಾಸನೆ ತೆಗೆಯುವಾಗ ಒಳ್ಳೆಯದು ಸ್ವಲ್ಪ ಹೋಗುತ್ತದೆ, ಬೂಷ್ಟಿನ ವಿಷದಂಥ ಕೆಟ್ಟದ್ದೂ ಹೋಗುತ್ತದೆ. ಆದರೆ ಗಾಣದ್ದಾಗಲಿ, ಪ್ಯಾಕೆಟ್ಟಿನದಾಗಲಿ, ಒಂದು ಗ್ರಾಂ ಎಣ್ಣೆ ಕೊಡುವ ಶಕ್ತಿ 9 ಕ್ಯಾಲೊರಿ. ಅಕ್ಕಿ, ಬೇಳೆಯ ಪಿಷ್ಟವಾಗಲಿ ಪ್ರೋಟೀನಾಗಲಿ ಗ್ರಾಂಗೆ ಕೊಡುವುದು 4. ಅದಕ್ಕೇ ಎಣ್ಣೆ ಸ್ವಲ್ಪವಾದರೂ ದೊಡ್ಡ ಬಾಬತ್ತು.

ಪ್ಯಾಕೆಟ್ಟಿನ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ದೊಡ್ಡದಾಗಿ ಬರೆದಿರುವುದನ್ನು ನೀವು ನೋಡಿರಬಹುದು. ಅದನ್ನು ಓದಿ ಮರುಳಾಗಬೇಡಿ. ಯಾವ ಗಿಡದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ನೋಡಬೇಕಾದದ್ದು ಎಣ್ಣೆಯ ಜಾತಿ. ಚಳಿಗಾಲದ ಬೆಳಿಗ್ಗೆ ಅಡುಗೆಮನೆಗೆ ಹೋಗಿ ನೋಡಿ. ತುಪ್ಪ, ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತವೆ. ಶೇಂಗಾ, ಎಳ್ಳು, ಸೂರ್ಯಕಾಂತಿ, ಕುಸುಬೆ ಎಣ್ಣೆಗಳು ಹರಿಯುತ್ತಿರುತ್ತವೆ. ಹಾಗೆ ಗಟ್ಟಿಯಾಗುವುದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು. ಅದು ಅತಿಯಾದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ನನ್ನಂಥವರು ಎಚ್ಚರವಹಿಸಬೇಕಾದದ್ದು ಅಲ್ಲಿ.

ತಟ್ಟೆಯ ಮೇಲಿನ ಕೈ

ಮಧ್ಯಾಹ್ನದ ಊಟ ಅಣ್ಣನ ಮನೆಯಲ್ಲಿ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಹುರುಳಿಕಾಳಿನ ಸಾರು, ಹುಚ್ಚೆಳ್ಳು ಚಟ್ನಿಪುಡಿ. ಅವರ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಎಲ್ಲರ ತಟ್ಟೆಗೂ ಚಟ್ನಿಪುಡಿ ಬಡಿಸಿ, ಹಿತ್ತಾಳೆಯ ಪುಟ್ಟ ಮಿಳ್ಳೆಯಿಂದ ಹಸಿ ಶೇಂಗಾ ಎಣ್ಣೆ ಬಿಡುತ್ತಾ ಬಂದರು. ಬೆಳಿಗ್ಗೆ ನೋಡಿದ ಗಾಣದ್ದೇ ಎಣ್ಣೆ.

ನನ್ನ ಹತ್ತಿರ ಬಂದಾಗ ಅಭ್ಯಾಸಬಲದಿಂದ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದೆ. "ಹಾರ್ಟ್ ಆಪರೇಷನ್ ಆಗೈತಕ್ಕ, ಬೇಡ" ಎಂದೆ. ಅವರು ಒತ್ತಾಯ ಮಾಡಲಿಲ್ಲ. ಪಕ್ಕಕ್ಕೆ ತಿರುಗಿದರು.

ಪುಟ್ಟಿ ಕೂಡ ತನ್ನ ಪುಟ್ಟ ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದಿದ್ದಳು. ನಾನು ಹಿಡಿದ ಹಾಗೆಯೇ, ಬೆರಳು ಬಿಡಿಸಿ. ಅವಳ ಮುಖದಲ್ಲಿ ಹಟವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಭಯ ಇತ್ತು.

ಅಕ್ಕ ಮಿಳ್ಳೆ ಹಿಡಿದುಕೊಂಡೇ ನಿಂತು, "ಯಾಕವ್ವ, ನಿಂಗೂ ಆಪರೇಷನ್ ಆಗೈತಾ?" ಎಂದು ಕೇಳಿದರು.

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಪುಟ್ಟಿ ಮೆಲ್ಲಗೆ, "ಎಣ್ಣೆ ತಿಂದ್ರೆ ನಂಗೂ ಅಜ್ಜನ ಥರ ಆಗ್ತದೆ" ಎಂದಳು. ಎಂಟು ವರ್ಷದ ಮಗುವಾಗಿದ್ದಾಗ ಅವಳು ನನ್ನನ್ನು ಆಸ್ಪತ್ರೆಯ ಮಂಚದ ಮೇಲೆ ನೋಡಿದ್ದಳು. ಆಮೇಲೆ ಮೂರು ವರ್ಷ ಊಟದ ಹೊತ್ತಿಗೆಲ್ಲ ನನ್ನ ಭಾಷಣ ಕೇಳಿದ್ದಳು. ಬೆಣ್ಣೆ ದೋಸೆಯ ಕಾವಲಿ ದಾಟಿ ಬರುವಾಗ ಅವಳು ಸುಮ್ಮನಿದ್ದದ್ದು ವಿಧೇಯತೆ ಎಂದುಕೊಂಡಿದ್ದೆ. ಅದು ಬೇರೆಯೇ ಆಗಿತ್ತು.

ಅಕ್ಕ ಅವಳ ಕೈ ಸರಿಸಿ, ಚಟ್ನಿಪುಡಿಯ ನಡುವೆ ಬೆರಳಿನಿಂದ ಗುಳಿ ಮಾಡಿ, ಒಂದು ಚಮಚದಷ್ಟು ಎಣ್ಣೆ ಬಿಟ್ಟರು. "ಬೆಳೆಯೋ ಹುಡುಗಿ ನೀನು. ತಿನ್ನವ್ವ" ಎಂದರು. ಪುಟ್ಟಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಎರಡು ರೊಟ್ಟಿ ತಿಂದಳು. ಮನೆಯಲ್ಲಿ ಒಂದನ್ನು ಮುಗಿಸುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದವಳು.

ಸಂಜೆಯ ಮಿರ್ಚಿ ಅಂಗಡಿ

ದಾವಣಗೆರೆಗೆ ಮರಳಿದಾಗ ಸಂಜೆಯಾಗಿತ್ತು. ಮಂಡಕ್ಕಿ-ಮಿರ್ಚಿಯ ಹೊತ್ತು. ಪುಟ್ಟಿ ಒಂದು ಬಂಡಿಯ ಮುಂದೆ ನಿಂತು, "ಈಗ ಇದನ್ನೂ ತಿನ್ನಬಹುದಾ ಅಜ್ಜ?" ಎಂದಳು. ಬಾಣಲೆಯ ಎಣ್ಣೆ ಡಾಂಬರಿನ ಬಣ್ಣಕ್ಕೆ ತಿರುಗಿ ನೊರೆ ಎದ್ದಿತ್ತು. ನಾನು ಅವಳನ್ನು ಮುಂದಿನ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಎಣ್ಣೆ ತಿಳಿಯಾಗಿತ್ತು. ಒಂದು ಮಿರ್ಚಿ ಕೊಂಡು ಇಬ್ಬರೂ ಹಂಚಿಕೊಂಡೆವು.

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಹಾನಿಕಾರಕ ಅಂಶಗಳು ಹುಟ್ಟುತ್ತವೆ. ಅಂಥ ಅಂಶ ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂಬ ನಿಯಮವನ್ನು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಜಾರಿಗೆ ತಂದಿದೆ. ನಮ್ಮ ಹತ್ತಿರ ಅಳೆಯುವ ಯಂತ್ರವಿಲ್ಲ, ಆದರೆ ಕಣ್ಣು, ಮೂಗು ಇವೆ. ಮನೆಯಲ್ಲಿ ಹಪ್ಪಳ ಕರಿದ ಎಣ್ಣೆಯನ್ನೂ ವಾರಗಟ್ಟಲೆ ಉಳಿಸಿಕೊಂಡು ಮತ್ತೆ ಕರಿಯಲು ಬಳಸುವುದು ಉಳಿತಾಯವಲ್ಲ.

ಇನ್ನೊಂದು ಮಾತು ಅಜ್ಜ-ಅಜ್ಜಿಯರಿಗೆ. ನಮ್ಮ ಕಾಲದಲ್ಲಿ ಮದುವೆಮನೆಯ ಲಾಡುವಿಗೆ, ಬೇಕರಿಯ ತಿಂಡಿಗೆ ವನಸ್ಪತಿ ಬಳಸುತ್ತಿದ್ದರು. ಎಣ್ಣೆಗೆ ಜಲಜನಕ ಹಾಯಿಸಿ ತುಪ್ಪದ ಹಾಗೆ ಗಟ್ಟಿ ಮಾಡಿದ್ದು ಅದು. ಹಾಗೆ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ. 2 ಮೀರಬಾರದು ಎಂದು 2022ರ ಜನವರಿಯಿಂದ ನಿಯಮವಿದೆ. ನಾನು ಭಯಪಡಬೇಕಾದದ್ದು ಡಾಂಬರಿನಂಥ ಎಣ್ಣೆಗೆ, ಇಂಥ ಕೊಬ್ಬಿಗೆ, ಅಳತೆ ಮೀರಿ ಸುರಿಯುವ ಕೈಗೆ. ಅಕ್ಕನ ಮಿಳ್ಳೆಗಲ್ಲ.

ಲೆಕ್ಕದ ಪುಸ್ತಕ

ಮುಂದಿನ ವಾರ ಪುಟ್ಟಿಯನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವಳ ತೂಕದ ಚಾರ್ಟಿನ ಗೆರೆ ಒಂದೂವರೆ ವರ್ಷದಿಂದ ಹೆಚ್ಚುಕಡಿಮೆ ಅಡ್ಡ ಮಲಗಿತ್ತು. ನಾವು ಯಾರೂ ಗಮನಿಸಿರಲಿಲ್ಲ. ಡಾಕ್ಟರು ನನ್ನನ್ನು ಬೈಯಲಿಲ್ಲ. ಎಣ್ಣೆಯೊಂದೇ ಕಾರಣ ಎಂದೂ ಹೇಳಲಿಲ್ಲ, ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಆದರೆ ಸ್ಪಷ್ಟವಾಗಿ ಹೇಳಿದರು: "ಯಜಮಾನರೇ, ನಿಮ್ಮ ತಟ್ಟೆಯ ಲೆಕ್ಕ ಬೇರೆ, ಮಗುವಿನ ತಟ್ಟೆಯ ಲೆಕ್ಕ ಬೇರೆ."

ಮಿದುಳಿಗೆ, ದೇಹದ ಪ್ರತಿಯೊಂದು ಜೀವಕೋಶದ ಹೊದಿಕೆಗೆ ಕೊಬ್ಬು ಬೇಕು. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು; ಸೊಪ್ಪು, ಗಜ್ಜರಿಯ ಪಲ್ಯಕ್ಕೆ ಎಣ್ಣೆಯೇ ಇಲ್ಲದಿದ್ದರೆ ಅವುಗಳಲ್ಲಿನ ಎ ವಿಟಮಿನ್ನಿನ ಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಬಗೆಯ ಕೊಬ್ಬಿನ ಅಂಶಗಳನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಒಂದು ಶೇಂಗಾ, ಎಳ್ಳು, ಸೂರ್ಯಕಾಂತಿಗಳಲ್ಲಿ ಸಿಗುತ್ತದೆ. ಇನ್ನೊಂದು ಶೇಂಗಾ ಎಣ್ಣೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಅಗಸೆಯಲ್ಲಿ ಧಾರಾಳ. ಉತ್ತರ ಕರ್ನಾಟಕದ ಅಜ್ಜಿಯರ ಅಗಸೆ ಚಟ್ನಿಪುಡಿಯ ಬೆಲೆ ನನಗೆ ಆಗ ಗೊತ್ತಾಯಿತು.

ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಸೇರಿ 2010ರಲ್ಲಿ ಕೊಟ್ಟ ಅಳತೆ ಹೀಗಿದೆ. ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ, 10ರಿಂದ 12 ವರ್ಷದ ಮಕ್ಕಳಿಗೆ 35 ಗ್ರಾಂ. ನಾವು ಕೈಯಾರೆ ಹಾಕುವ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಇದರಲ್ಲಿ ಸೇರಿತು. ಹಾಲು, ಕಾಳು, ತೆಂಗಿನಕಾಯಿಗಳೊಳಗೆ ಅಡಗಿರುವುದು ಬೇರೆ. ಟೀ ಚಮಚದ ಲೆಕ್ಕದಲ್ಲಿ ಒಂದು ಚಮಚಕ್ಕೆ ಸುಮಾರು ನಾಲ್ಕೂವರೆ ಗ್ರಾಂ.

ಗುಮಾಸ್ತನ ಕೈ ಸುಮ್ಮನಿರುತ್ತದೆಯೇ? ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆ. ನಾನು 25, ನನ್ನ ಮನೆಯಾಕೆ 20, ಮಗ 25, ಸೊಸೆ 20, ಪುಟ್ಟಿ 35. ಒಟ್ಟು 125 ಗ್ರಾಂ. ಮೂವತ್ತು ದಿನಕ್ಕೆ 3,750 ಗ್ರಾಂ, ಅಂದರೆ ಮೂರೂಮುಕ್ಕಾಲು ಕೆಜಿ. ನನ್ನ ಎದೆನೋವಿಗೆ ಮೊದಲು ನಮ್ಮ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ, ಎರಡು ಕೆಜಿ ತುಪ್ಪ-ಬೆಣ್ಣೆ ಬರುತ್ತಿತ್ತು. ಅಂದರೆ ಸುಮಾರು ಆರೂವರೆ ಕೆಜಿ. ಎದೆನೋವಿನ ನಂತರ ಒಂದೇ ಲೀಟರ್, ಒಂದು ಕೆಜಿಯೂ ಇಲ್ಲ. ಮೊದಲು ಅಳತೆಯ ಹತ್ತಿರಹತ್ತಿರ ಎರಡು ಪಾಲು, ಆಮೇಲೆ ಕಾಲು ಪಾಲು. ಜೀವನವಿಡೀ ಬೇರೆಯವರ ಲೆಕ್ಕ ಪೈಸೆಗೆ ಪೈಸೆ ಸರಿಹೊಂದಿಸಿದವನು ಮನೆಯ ಲೆಕ್ಕವನ್ನು ಎರಡೂ ಕಡೆಯಿಂದ ತಪ್ಪು ಬರೆದಿದ್ದೆ.

ನನ್ನ ಹೃದಯದ ಡಾಕ್ಟರನ್ನೂ ಕೇಳಿದೆ. 25 ಗ್ರಾಂ ದಾಟಬಾರದು, ಅದರಲ್ಲೂ ತುಪ್ಪ, ಬೆಣ್ಣೆ ಹೆಸರಿಗೆ ಮಾತ್ರ, ಕರಿದದ್ದು ಎಂದಾದರೊಮ್ಮೆ ಎಂದರು. ಎಣ್ಣೆಯೇ ಬೇಡ ಎಂದು ಅವರು ಮೊದಲೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ಕಾಯಿಲೆ ಇರುವ ಹಿರಿಯರು ನಿಮ್ಮ ನಿಮ್ಮ ಡಾಕ್ಟರನ್ನು ಕೇಳಿ ನಿಮ್ಮ ಅಳತೆ ಗೊತ್ತುಮಾಡಿಕೊಳ್ಳಿ. ಆ ಅಳತೆಯನ್ನು ಮೊಮ್ಮಕ್ಕಳ ತಟ್ಟೆಗೆ ಹಾಕಬೇಡಿ. ನಮ್ಮ ಭಯವನ್ನಂತೂ ಹಾಕಲೇಬೇಡಿ.

ಈಗ ತಿಂಗಳ ಮೊದಲ ದಿನ ಎಣ್ಣೆ, ತುಪ್ಪ ಅಳೆದು ಡಬ್ಬಿಗೆ ಹಾಕುವುದು ಪುಟ್ಟಿಯ ಕೆಲಸ. ಹಳೆಯ ಲೆಡ್ಜರಿನ ಹಾಳೆಯಲ್ಲಿ ತಾರೀಖು ಹಾಕಿ ಬರೆಯುತ್ತಾಳೆ. ಶಾಲೆಯ ಕೆಲಸಕ್ಕೆ ಹೊಲದ ಶೇಂಗಾ ಗಿಡದ ಚಿತ್ರ ಬಿಡಿಸಿ, ಆ ಎಣ್ಣೆಕಲೆಯ ಹಾಳೆಯನ್ನೇ ಅಂಟಿಸಿದ್ದಳು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದರಂತೆ. ಚಾರ್ಟಿನ ಗೆರೆ ಮೊನ್ನೆ ಮೇಲಕ್ಕೆ ಮುಖ ಮಾಡಿದೆ.

ನಿನ್ನೆ ಬೆಳಿಗ್ಗೆ ದೋಸೆ. ಅವಳ ದೋಸೆಯ ಮೇಲೆ ಒಂದು ಚಮಚ ಬೆಣ್ಣೆ ಕರಗುತ್ತಿತ್ತು. ನಾನು ನನ್ನ ತಟ್ಟೆಯನ್ನು ಮೆಲ್ಲಗೆ ಬೆಣ್ಣೆಯ ಕಡೆ ಸರಿಸಿದೆ. ಪುಟ್ಟಿ ತನ್ನ ಅಂಗೈಯನ್ನು ನನ್ನ ತಟ್ಟೆಯ ಮೇಲೆ ಅಡ್ಡ ಹಿಡಿದು, "ಅಜ್ಜ, ನಿಮ್ಮ ಖಾತೆ ಬೇರೆ" ಎಂದಳು.